ಕಾಫಿ ಬಣ್ಣ, ಕೆನೆ ಬಣ್ಣ

ಕಾಟನ್‌ಪೇಟೆಯ ಸಗಟು ಅಂಗಡಿಗಳಲ್ಲಿ ಇಂದ್ರಮ್ಮ ಬಟ್ಟೆಯನ್ನು ನೋಡುತ್ತಿರಲಿಲ್ಲ, ಕೆನ್ನೆಗೆ ಉಜ್ಜಿಕೊಳ್ಳುತ್ತಿದ್ದರು. ಥಾನು ಬಿಚ್ಚಿಸಿ, ಅಂಚನ್ನು ಎತ್ತಿ, ಕಣ್ಣು ಮುಚ್ಚಿ ಬಲಗೆನ್ನೆಗೊಮ್ಮೆ ಎಡಗೆನ್ನೆಗೊಮ್ಮೆ ಒತ್ತಿ, ಚುಚ್ಚತ್ತೆ, ತೆಗೀರಿ ಎನ್ನುತ್ತಿದ್ದರು. ಅಂಗಡಿಯವನು ಇನ್ನೊಂದು ಥಾನು ಇಳಿಸಬೇಕು. ಹಿಂದೆ ಕಾದು ನಿಂತ ಗಿರಾಕಿಗಳು ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಿದ್ದರು, ಏಕೆಂದರೆ ಇಂದ್ರಮ್ಮನನ್ನು ಹಾಗೆ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಒಮ್ಮೆ ಒಬ್ಬ ಅಂಗಡಿಯವನು ಬೇಸತ್ತು, ಬ್ಯಾಗಿಗೆ ತಾನೇ ಅಮ್ಮ, ಇಷ್ಟೊಂದು ಪರೀಕ್ಷೆ ಯಾಕೆ ಎಂದ.

"ಎಳೆ ಮಗು ಬ್ಯಾಗನ್ನ ಹೆಗಲಿಗೆ ಹಾಕ್ಕೊಳಲ್ಲಪ್ಪ, ಬಾಯಿಗೆ ಹಾಕ್ಕೊಳತ್ತೆ" ಎಂದು ಹೇಳಿ ಮುಂದಿನ ಥಾನಿಗೆ ಕೈ ಚಾಚಿದರು.

ಹನುಮಂತನಗರದಲ್ಲಿ ನಮ್ಮ ಮನೆಯ ಹಿಂದಿನ ಬೀದಿ ಅವರದು. ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ, ಅದರ ಬಗ್ಗೆ ಅವರಿಗೆ ದುಃಖವಿದ್ದಂತೆಯೂ ಕಾಣಲಿಲ್ಲ. ನನ್ನ ತಂಗಿಯ ಮಗುವಿನ ನಾಮಕರಣಕ್ಕೆ ಅವರು ಒಂದು ಬ್ಯಾಗು ಹೊಲಿದು ತಂದರು. ಬಟ್ಟೆ, ಹಾಲಿನ ಬಾಟಲಿ, ಗಿಲಕಿ ಎಲ್ಲಕ್ಕೂ ಬೇರೆ ಬೇರೆ ಜೇಬು. ಬಂದ ಹೆಂಗಸರೆಲ್ಲ ತೊಟ್ಟಿಲು ಬಿಟ್ಟು ಬ್ಯಾಗಿನ ಸುತ್ತ ನೆರೆದರು. ನಾನು ಆಗಷ್ಟೇ ಒಂದು ನರ್ಸರಿ ಶಾಲೆಯ ಆಫೀಸು ಕೆಲಸ ಬಿಟ್ಟು, ಮುಂದೇನು ಎಂದು ತಿಳಿಯದೆ ಕೂತಿದ್ದೆ. ಹೀಗೆ ಶುರುವಾಯಿತು. ಅವರು ಹೊಲಿಯುವುದು, ನಾನು ಫೋಟೊ ತೆಗೆದು ಫೋನಿನಲ್ಲಿ ಹಾಕಿ ಆರ್ಡರ್ ಹಿಡಿಯುವುದು. ಬಾಣಂತಿಯರು ಹಿಡಿದುಕೊಳ್ಳುವ ದೊಡ್ಡ ಬ್ಯಾಗು, ಬಾಟಲಿ ಚೀಲ, ಪ್ಲೇ ಸ್ಕೂಲಿಗೆ ಹೋಗುವ ಮಕ್ಕಳ ಬೆನ್ನಿಗೆ ಅಂಗೈಯಗಲದ ಪುಟ್ಟ ಬ್ಯಾಗು.

ಅವರೊಂದಿಗೆ ಕೆಲಸ ಮಾಡುವುದೆಂದರೆ ದಿನಾ ಹಲ್ಲು ಕಚ್ಚಿಕೊಂಡಿರುವುದು. ಬೆರಳಾಡಿಸಿದಾಗ ಒಂದು ಹೊಲಿಗೆ ಸೊಟ್ಟ ಎನ್ನಿಸಿದರೂ ಇಡೀ ಬ್ಯಾಗನ್ನು ಬಿಚ್ಚುತ್ತಿದ್ದರು. ಗಿರಾಕಿ ಬಾಗಿಲಲ್ಲಿ ನಿಂತಿದ್ದರೂ ಬಿಚ್ಚುತ್ತಿದ್ದರು. ಆಫೀಸಲ್ಲಿ ಒಂದಕ್ಷರ ತಪ್ಪಿದರೆ ಇಡೀ ಹಾಳೆ ಹೊಸದಾಗಿ ಹೊಡೆಯುತ್ತಿದ್ದೆ, ಬಿಳಿ ಹಚ್ಚಿ ತಿದ್ದುವ ಜಾತಿಯಲ್ಲ ನಾನು ಎಂಬುದು ಅವರ ಮಾತು. ನಾನು ಗಿರಾಕಿಗೆ ಕಾಫಿ ಕೊಟ್ಟು, ಮಳೆ ಬಿಸಿಲಿನ ಮಾತಾಡಿ ಹೊತ್ತು ಕಳೆಯಬೇಕಿತ್ತು.

ಆದರೂ ಜನ ಕಾಯುತ್ತಿದ್ದರು. ಕಾರಣ, ಅವರ ಬಣ್ಣಗಳು. ನೇರಳೆಯ ಪಕ್ಕ ನಿಂಬೆ ಹಳದಿ, ನವಿಲು ನೀಲಿಯ ಮೇಲೆ ಇಟ್ಟಿಗೆ ಕೆಂಪಿನ ಜೇಬು. ಹೇಳಿದರೆ ವಿಕಾರ ಎನ್ನಿಸುವ ಜೋಡಿಗಳು ಅವರ ಕೈಯಲ್ಲಿ ನಗುತ್ತಿದ್ದವು. ಮಕ್ಕಳು ದೂರದಿಂದಲೇ ಕೈಚಾಚುತ್ತಿದ್ದವು. ಎಲ್ಲಿಂದ ಹೊಳೀತು ನಿಮಗೆ ಇದು ಎಂದು ಜಯನಗರದ ಒಬ್ಬ ತಾಯಿ ಕೇಳಿದಾಗ ಇಂದ್ರಮ್ಮ ಮುಖ ಸಿಂಡರಿಸಿ, ಏನಿದೆ ಅದರಲ್ಲಿ, ಕಾಫಿ ಬಣ್ಣಕ್ಕೆ ಕೆನೆ ಬಣ್ಣ, ಯಾವಾಗಲೂ ಹೊಂದತ್ತೆ ಎಂದರು. ಅವರ ಕೈಯಲ್ಲಿದ್ದದ್ದು ನೇರಳೆ ಮತ್ತು ಹಳದಿ. ತಮಾಷೆ ಮಾಡುತ್ತಿದ್ದಾರೆಂದು ನಾವಿಬ್ಬರೂ ನಕ್ಕೆವು. ಅವರು ನಗಲಿಲ್ಲ.

ಒಂದು ದಿನ ಮಿಷನ್ ಸೂಜಿ ಅವರ ಉಗುರಿನೊಳಗೇ ಇಳಿಯಿತು. ಬೆರಳಿಗೆ ಕಟ್ಟು ಹಾಕಿಸಿದ ಮೇಲೆ ನಾನು ಹಟ ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ ಬಲಿತಿತ್ತು, ಎಷ್ಟೋ ವರ್ಷದಿಂದ. ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಮಾರನೆಯ ದಿನ ಪಟ್ಟಿ ಬಿಚ್ಚಿಸಿಕೊಂಡು ಆಟೋದಲ್ಲಿ ವಾಪಸಾದೆವು. ಮನೆಗೆ ಬಂದವರೇ ಅಡುಗೆಮನೆಯ ಗೋಡೆ ನೋಡಿ, ಇಷ್ಟು ಜಿಡ್ಡು ಯಾವಾಗ ಆಯಿತು ಎಂದರು. ಆಮೇಲೆ ಮಿಷನ್ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದ ಬ್ಯಾಗುಗಳ ಮುಂದೆ ನಿಂತರು.

"ಇದನ್ನ ಯಾರು ಹೊಲಿದಿದ್ದು ಸುಮಾ?"

"ನೀವೇ ಅಲ್ವಾ."

ಅವರು ಒಂದು ಬ್ಯಾಗನ್ನು ಕಿಟಕಿಯ ಹತ್ತಿರ ಒಯ್ದು ಬಲಗಣ್ಣು ಮುಚ್ಚಿ ನೋಡಿದರು. ಆಮೇಲೆ ಎಡಗಣ್ಣು ಮುಚ್ಚಿ ನೋಡಿದರು. ಮತ್ತೆ ಬಲಗಣ್ಣು. ಆಗ ನನಗೂ ಅರ್ಥವಾಯಿತು. ಪೊರೆ ಇದ್ದ ಕಣ್ಣಿಗೆ ಅದು ನಿಜವಾಗಿಯೂ ಕಾಫಿ ಬಣ್ಣ, ಕೆನೆ ಬಣ್ಣ. ಇಷ್ಟು ದಿನ ಅವರು ತಮಾಷೆ ಮಾಡಿರಲೇ ಇಲ್ಲ.

"ಥೂ, ಜಾತ್ರೇಲಿ ಮಾರೋ ಮಿಠಾಯಿ ಇದ್ದಂಗಿದೆ" ಎಂದರು.

ಎರಡನೆಯ ಕಣ್ಣಿನ ಆಪರೇಷನ್ ಆಗುವವರೆಗೂ ಆ ಬ್ಯಾಗುಗಳನ್ನು ಮುಟ್ಟಲಿಲ್ಲ. ಅದೂ ಆದಮೇಲೆ, ಬಸವನಗುಡಿಯ ಸಂತೆಯಲ್ಲಿ ನಾವು ಮಳಿಗೆ ಹಾಕಬೇಕಿದ್ದ ಭಾನುವಾರದ ಹಿಂದಿನ ದಿನ, ಬ್ಯಾಗು ತರಲು ಹೋದರೆ ನೆಲದ ತುಂಬ ಬಿಚ್ಚಿದ ತುಂಡುಗಳು. ತಿಂಗಳುಗಟ್ಟಲೆ ಕೂಡಿಟ್ಟ ಮಾಲು. ನೇರಳೆಯೊಂದು ರಾಶಿ, ಹಳದಿಯೊಂದು ರಾಶಿ. ನಾನು ಅಲ್ಲೇ ಕುಕ್ಕರಿಸಿದೆ. ಸಿಟ್ಟಿಗೆ ನನ್ನ ದನಿಯೇ ನನಗೆ ಅಪರಿಚಿತವಾಗಿ ಕೇಳಿಸಿತು. ನಿಮಗೆ ಇಷ್ಟವಾಗುವುದು ಬೇಡ, ಮಕ್ಕಳಿಗೆ ಇಷ್ಟವಾಗುತ್ತದಲ್ಲ, ಊರೆಲ್ಲ ಹೊಗಳುತ್ತದಲ್ಲ ಎಂದು ಕೂಗಾಡಿದೆ.

ಇಂದ್ರಮ್ಮ ಬ್ಲೇಡು ಕೆಳಗಿಟ್ಟರು. "ಹೊಗಳಿದ್ದು ನನ್ನನ್ನಲ್ಲ ಕಣೆ. ನನ್ ಕಣ್ಣಿನ ಪೊರೇನ. ನಾನು ಆರಿಸಿದ್ದೇ ಬೇರೆ, ನೀವೆಲ್ಲ ನೋಡಿದ್ದೇ ಬೇರೆ."

ಆ ಭಾನುವಾರ ಮಳಿಗೆ ಹಾಕಲಿಲ್ಲ.

ಮುಂದೆ ಅವರು ಹೊಲಿದದ್ದೆಲ್ಲ ನಿಜವಾದ ಕೆನೆ, ನಿಜವಾದ ಕಂದು. ಹೊಲಿಗೆ ಮುತ್ತು ಪೋಣಿಸಿದಂತೆ. ಆದರೆ ಮಕ್ಕಳ ಬ್ಯಾಗುಗಳೋ, ವಕೀಲರ ಬ್ಯಾಗುಗಳೋ ತಿಳಿಯುತ್ತಿರಲಿಲ್ಲ. ಫೋಟೊ ನೋಡಿದ ತಾಯಂದಿರು, ಮೊದಲಿನ ಥರದ್ದು ಇಲ್ಲವಾ ಎಂದು ಕೇಳುತ್ತಿದ್ದರು. ಇಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿ ಹೋಯಿತು.

ಅಷ್ಟಕ್ಕೇ ನಿಂತಿದ್ದರೆ ಸಹಿಸಿಕೊಳ್ಳಬಹುದಿತ್ತು. ಗಾಂಧಿಬಜಾರಿನಲ್ಲಿ ಹೂ ಕೊಳ್ಳುವಾಗ, ಮೂರು ವರ್ಷದ ಒಬ್ಬ ಹುಡುಗಿ ನೇರಳೆ ಬ್ಯಾಗು ಬೆನ್ನಿಗೆ ಹಾಕಿಕೊಂಡು ಬಂದಳು. ಇಂದ್ರಮ್ಮ ನೆಟ್ಟಗೆ ಹೋಗಿ ಅವಳ ತಾಯಿಗೆ, ಇದು ನಾನೇ ಹೊಲಿದದ್ದು, ತಪ್ಪಾಗಿದೆ, ವಾಪಸು ಕೊಡಿ, ಒಳ್ಳೆಯದು ಹೊಲಿದುಕೊಡುತ್ತೇನೆ ಎಂದರು. ಕೈ ಆಗಲೇ ಬ್ಯಾಗಿನ ಪಟ್ಟಿಯ ಮೇಲಿತ್ತು. ಹುಡುಗಿ ನಂದು, ನಂದು ಎಂದು ರಸ್ತೆಯಲ್ಲೇ ಕೂತು ಅತ್ತಳು. ಬ್ಯಾಗನ್ನು ಎದೆಗೆ ಅವಚಿಕೊಂಡು ಅದರೊಳಗೆ ಮುಖ ಹುದುಗಿಸಿದಳು. ತಾಯಿ ಗಾಬರಿಯಾಗಿ ನನ್ನ ಮುಖ ನೋಡಿದರು. ನಾನು ಕೈಮುಗಿದು, ಇಂದ್ರಮ್ಮನನ್ನು ತೋಳು ಹಿಡಿದು ಎಳೆದುಕೊಂಡು ಬಂದೆ. ಈಗಲಾದರೂ ಮೆತ್ತಗಾಗುತ್ತಾರೆ ಅಂದುಕೊಂಡೆ. ಅವರು ಮನೆ ತಲುಪುವವರೆಗೆ ಯೋಚಿಸಿ, "ಆ ಮಗೂಗೂ ಒಂದ್ಸಲ ಕಣ್ಣು ತೋರಿಸ್ಬೇಕು" ಎಂದರು.

ನನ್ನ ಕಾಟ ತಾಳಲಾರದೆ ಒಮ್ಮೆ ಒಪ್ಪಿಕೊಂಡರು. ಹಳೆಯ ಫೋಟೊ ಮುಂದಿಟ್ಟುಕೊಂಡು ಅದೇ ನೇರಳೆ, ಅದೇ ಹಳದಿ, ಅದೇ ಅಳತೆಯಲ್ಲಿ ಹೊಲಿದರು. ಮುಗಿಸಿ ನನ್ನ ಕೈಗೆ ಕೊಟ್ಟರು. ನಾನು ತಿರುವಿ ತಿರುವಿ ನೋಡಿದೆ. ಎಲ್ಲ ಇತ್ತು, ಆದರೂ ಅದು ಬರೀ ಕಣ್ಣಿಗೆ ರಾಚುವ ಒಂದು ಬ್ಯಾಗಾಗಿತ್ತು. ಎಲ್ಲಿ ಕೆಟ್ಟಿತೆಂದು ಬೊಟ್ಟು ಮಾಡಿ ತೋರಿಸಲು ನನಗೂ ಆಗಲಿಲ್ಲ.

"ಬೇಕೂಂತ ಮಾಡಿದ್ರೆ ಬರಲ್ಲ ಅದು" ಎಂದರು. ನನಗಿಂತ ಅವರಿಗೇ ಹೆಚ್ಚು ಬೇಸರವಾಗಿತ್ತೆಂದು ಆಗ ಹೊಳೆಯಿತು. ಮಿಷನ್ನಿಗೆ ಬಟ್ಟೆ ಹೊದಿಸಿದರು. ನಮ್ಮ ವ್ಯಾಪಾರ ಅಲ್ಲಿಗೆ ಮುಗಿಯಿತು.

ಅದಾದ ಮೇಲೆ ನಾನೇ ಸ್ವಲ್ಪ ದಿನ ಆ ಬೀದಿಗೆ ಹೋಗಲಿಲ್ಲ. ಬೇರೆ ಇಬ್ಬರು ದರ್ಜಿಗಳ ಹತ್ತಿರ ಹೊಲಿಸಿದೆ, ಯಾವುದೂ ಹಿಡಿಸಲಿಲ್ಲ. ಚಳಿ ಮುಗಿಯುವ ಹೊತ್ತಿಗೆ, ಇನ್ನೊಮ್ಮೆ ಕೇಳಿಯೇ ಬಿಡೋಣ ಎಂದು ಹೊರಟೆ. ಇಂದ್ರಮ್ಮ ಮನೆಯಲ್ಲಿರಲಿಲ್ಲ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಸಿಕ್ಕರು. ಎದುರಿಗೆ ಎಲೆಯೇ ಇಲ್ಲದ ಒಂದು ಮರ, ಮೈತುಂಬ ಹಳದಿ ಹೂ. ಪಕ್ಕದಲ್ಲಿ ಕೂತು, ಹೊಸ ಬಟ್ಟೆ ಬಂದಿದೆಯಂತೆ, ಕಾಟನ್‌ಪೇಟೆಗೆ ಹೋಗಿ ಬರೋಣ ಬನ್ನಿ ಎಂದೆ. ಅವರು ಮರದಿಂದ ಕಣ್ಣು ಕೀಳಲಿಲ್ಲ.

"ಇದು ಪ್ರತಿ ವರ್ಷ ಹಿಂಗೇ ಬಿಡತ್ತಾ?"

ಬಿಡುತ್ತದೆ ಎಂದೆ.

"ನೋಡೋಕೇ ಟೈಮ್ ಸಾಲ್ತಿಲ್ಲ ಸುಮಾ. ಹೊಲಿಯೋದೆಲ್ಲಿ?"

ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಎದ್ದು ಬಂದುಬಿಟ್ಟೆ. ಪಾರ್ಕಿನ ಗೇಟಿನಲ್ಲಿ ತಿರುಗಿ ನೋಡಿದಾಗ ಅವರು ಬೆಂಚಿನ ಇನ್ನೊಂದು ತುದಿಗೆ ಸರಿದು, ಕತ್ತು ಎತ್ತಿ, ಮರವನ್ನು ಆ ಕಡೆಯಿಂದ ನೋಡುತ್ತಿದ್ದರು. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ, ನಿದ್ದೆಯಲ್ಲೇ ಹೋದರು.