ಜಡ್ಜಮ್ಮನ ಕೋರ್ಟಿನಲ್ಲಿ ಕ್ಷಮೆ ಇರಲಿಲ್ಲ

ಋಷಿಗಳು ಕೋಪಿಸಿಕೊಂಡರೆ ನದಿಗಳು ಬತ್ತುತ್ತಿದ್ದವು, ಚಕ್ರವರ್ತಿಗಳು ಕೋಪಿಸಿಕೊಂಡರೆ ಕೋಟೆಗಳು ಉರಿಯುತ್ತಿದ್ದವು ಎನ್ನುತ್ತಾರೆ. ಅದನ್ನು ಕಣ್ಣಾರೆ ಕಂಡವರು ಯಾರೂ ಸಿಕ್ಕಿಲ್ಲ. ಆದರೆ ಸಿನಿಮಾದ ಖಳನಾಯಕ ಕೊನೆಯಲ್ಲಿ ಕೈ ಮುಗಿದು "ನನ್ನನ್ನು ಕ್ಷಮಿಸಿ" ಎನ್ನಲು ಬಾಯಿ ತೆರೆದದ್ದೇ ತಡ, ಜಡ್ಜಮ್ಮ ಎದ್ದು ನಿಲ್ಲುತ್ತಿದ್ದುದನ್ನೂ ಆ ಸಾಲಿನ ಮೊಣಕಾಲುಗಳೆಲ್ಲ ತಾವಾಗಿಯೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದುದನ್ನೂ ಇಡೀ ಬೀದಿ ಕಂಡಿದೆ. ಚಿತ್ರಮಂದಿರದ ಬಾಗಿಲು ಕಾಯುವವನು ಅವಳು ಹೊರಬಂದದ್ದನ್ನು ನೋಡಿ, ಆಟ ಮುಗಿಯಿತೆಂದು ತಿಳಿದು ಅಂಗಳದ ದೀಪ ಹಾಕುತ್ತಿದ್ದನಂತೆ. ಖಳ ಕುಡಿಯಲಿ, ಬೆಂಕಿ ಇಡಲಿ, ಅವಳದೇನೂ ತಕರಾರಿಲ್ಲ. ಒಳ್ಳೆಯವನಾಗಲು ಹೊರಟನೋ, ಅವಳು ಕತ್ತಲಲ್ಲೇ ಕಾಲಿನಿಂದ ಚಪ್ಪಲಿ ತಡಕುವಳು.

"ಅಳೋಕೆ ಏನು ಖರ್ಚಾಗುತ್ತೆ? ಒಂದಿಷ್ಟು ನೀರು, ಒಂದು ಚಿಟಿಕೆ ಉಪ್ಪು," ಎಂಬುದು ಅವಳ ತೀರ್ಪು. ಈ ತೀರ್ಪಿನಿಂದಲೇ ಆ ಹೆಸರು ಬಂತು. ನಿಜವಾದ ಹೆಸರು ಹಾಜರಿ ಕರೆಯುವ ಮೇಸ್ತ್ರಿಗೂ ಮರೆತುಹೋಗಿತ್ತು.

ಅವಳ ಕೆಲಸ ಓದುವುದು. ಹಾಗೆಂದು ಕಾಲೇಜಿನ ಕಡೆ ನೋಡಬೇಡಿ. ಅದು ಅಂಗಿ ಹೊಲಿಯುವ ಕಾರ್ಖಾನೆ. ಕೆಳಗೆ ಯಂತ್ರಗಳ ಗದ್ದಲ. ಮೇಲಿನ ಉದ್ದನೆಯ ಕೋಣೆಯಲ್ಲಿ, ಕಿಟಕಿಯುದ್ದಕ್ಕೂ ಹಾಕಿದ ಬೆಂಚುಗಳ ಮೇಲೆ, ಹೆಂಗಸರ ಕೈಕೆಲಸ: ಗುಂಡಿ ಹಚ್ಚುವುದು, ಕಾಜ ಹೊಲಿಯುವುದು, ಉಳಿದ ನೂಲು ಕತ್ತರಿಸುವುದು. ಅಲ್ಲಿ ಯಾವ ಕಾಲದಿಂದಲೋ ಒಂದು ಪದ್ಧತಿ ನಡೆದು ಬಂದಿತ್ತು. ಒಬ್ಬಳು ಗಟ್ಟಿಯಾಗಿ ಕಾದಂಬರಿ ಓದಬೇಕು. ಅವಳ ಬುಟ್ಟಿಯ ಅಂಗಿಗಳನ್ನು ಉಳಿದವರು ಹಂಚಿಕೊಂಡು ಮುಗಿಸಬೇಕು. ಕೈ ನಿಲ್ಲದಿದ್ದರೆ ಸಾಕು ಎಂದು ಮಾಲೀಕನೂ ಸುಮ್ಮನಿದ್ದ. ನಾಯಕಿಗೆ ಕಾಯಿಲೆ ಬಂದ ಅಧ್ಯಾಯಗಳಲ್ಲಿ ಮಾತ್ರ ಗುಂಡಿಗಳು ಸೊಟ್ಟಗಾಗುತ್ತವೆ ಎಂದು ಮೇಸ್ತ್ರಿ ಗೊಣಗುತ್ತಿದ್ದ.

ಆ ಕೋಣೆಗೆ ಕಾದಂಬರಿಯೇ ಕಾನೂನು. ಗಂಡನ ಕುಡಿತಕ್ಕೂ ಅತ್ತೆಯ ನಾಲಿಗೆಗೂ ಮಗಳ ಹಟಕ್ಕೂ "ಆ ಪುಸ್ತಕದಲ್ಲಿ ಏನಾಯ್ತು ನೋಡಿದ್ಯಲ್ಲ" ಎಂದೇ ಸಲಹೆ ಹೊರಡುತ್ತಿತ್ತು. ಹೀಗಿರುವಾಗ ಓದುವವಳ ಬಾಯಿಗೆ ಎಷ್ಟು ಅಧಿಕಾರ ಇದ್ದಿರಬೇಕು, ನೀವೇ ಲೆಕ್ಕ ಹಾಕಿ.

ಆ ಅಧಿಕಾರವನ್ನು ಜಡ್ಜಮ್ಮ ಚೆನ್ನಾಗಿಯೇ ಬಳಸಿದಳು. ಪುಸ್ತಕದಲ್ಲಿ ಪಾಪಿಯೊಬ್ಬ ಪಶ್ಚಾತ್ತಾಪ ಪಡುವ ಪುಟ ಬಂದರೆ ಅದನ್ನು ಓದದೆ, ಸದ್ದಿಲ್ಲದೆ ಮಗುಚುತ್ತಿದ್ದಳು. ಕಣ್ಣು ಅಕ್ಷರದ ಮೇಲೆಯೇ ಇರುತ್ತಿತ್ತು, ದನಿ ಒಂದಿಷ್ಟೂ ನಡುಗುತ್ತಿರಲಿಲ್ಲ. ಅವಳ ಬಾಯಲ್ಲಿ ಪಾಪಿ ಮಾತ್ರ ಹೊಸದೊಂದು ಪಾಪ ಮಾಡಿ ಹಾಳಾಗಿ ಹೋಗುತ್ತಿದ್ದ. ಕೇಳುವವರಿಗೆ ಇದು ಗೊತ್ತೇ ಇರಲಿಲ್ಲ. ಅವಳಿಗೆ ಇದು ಸುಳ್ಳು ಎಂದೂ ಅನಿಸಿರಲಿಲ್ಲ. ಅವಳ ಅಪ್ಪ ಮನೆ ಬಿಟ್ಟು ಹೋಗುತ್ತಿದ್ದ, ಅಳುತ್ತಾ ಬರುತ್ತಿದ್ದ; ಅಮ್ಮ ಪ್ರತಿ ಸಲವೂ ಬಾಗಿಲು ತೆಗೆಯುತ್ತಿದ್ದಳು; ಅವನು ಪ್ರತಿ ಸಲವೂ ಏನಾದರೊಂದು ಎತ್ತಿಕೊಂಡು ಮತ್ತೆ ಹೋಗುತ್ತಿದ್ದ. ಕೊನೆಗೆ ಎತ್ತಿಕೊಳ್ಳಲು ಮನೆಯಲ್ಲಿ ಉಳಿದದ್ದು ಅಮ್ಮನ ಹೆಣ ಮಾತ್ರ. ಅದನ್ನು ಎತ್ತಲು ಅವನು ಬರಲಿಲ್ಲ. ಪುಸ್ತಕ ಬರೆದವರಿಗೆ ಇದೆಲ್ಲ ಗೊತ್ತಿಲ್ಲ, ತಾನು ತಿದ್ದಿದರೆ ತಪ್ಪೇನು ಎಂಬುದು ಅವಳ ವಾದ.

ಆ ಬೆಂಚಿನ ಕೊನೆಯಲ್ಲಿ ಗುಂಡಿ ಹಚ್ಚುತ್ತಿದ್ದ ವಿಧವೆಯೊಬ್ಬಳನ್ನು ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದರು. ಅವಳ ಒಬ್ಬನೇ ಮಗ ಕಾರ್ಖಾನೆಯ ವ್ಯಾನು ಓಡಿಸುತ್ತಿದ್ದ. ಒಂದು ಮಧ್ಯಾಹ್ನ ಕುಡಿದು ಬಂದು, ನೋಡದೆ ವ್ಯಾನನ್ನು ಹಿಂದಕ್ಕೆ ತೆಗೆದ. ಗೇಟಿನ ಕಂಬಕ್ಕೂ ವ್ಯಾನಿಗೂ ನಡುವೆ ಕಾವಲುಗಾರನ ಕಾಲು ಸಿಕ್ಕಿತು. ಕಿರುಚಾಟ ಕೇಳಿ ಎಲ್ಲರೂ ಗೇಟಿನ ಕಡೆ ಓಡಿ ಬಂದರೆ, ಇವನೊಬ್ಬ ಆಚೆ ಕಡೆ ಓಡಿದ. ಕಾವಲುಗಾರ, ಅಂದರೆ ಎಲ್ಲರ ಗೇಟಿನ ಮಾವ, ಕುಂಟುತ್ತಾ ಕೆಲಸಕ್ಕೆ ಮರಳಿದ. ಮಗನ ಸುದ್ದಿ ಇಲ್ಲ. ಅಂದಿನಿಂದ ಚಿಕ್ಕಮ್ಮ ಗೇಟು ದಾಟುವಾಗ ತಲೆ ಎತ್ತುತ್ತಿರಲಿಲ್ಲ.

ಆಗ ಓದುತ್ತಿದ್ದ ಪುಸ್ತಕದಲ್ಲಿ ಒಬ್ಬ ಡಾಕ್ಟರು. ಊರಿಗೆ ಸಾಂಕ್ರಾಮಿಕ ಬಂದಾಗ ರೋಗಿಗಳನ್ನು ಬಿಟ್ಟು ಓಡಿಹೋದವನು ವರ್ಷಗಳ ಮೇಲೆ ಅದೇ ಆಸ್ಪತ್ರೆಯ ಬಾಗಿಲು ತಟ್ಟುತ್ತಾನೆ. ಚಿಕ್ಕಮ್ಮನ ಸೂಜಿ ಅಲ್ಲಿಯೇ ನಿಂತಿತು.

"ಒಳಗೆ ಬಿಟ್ರೇನೇ?" ಎಂದು ಕೇಳಿದಳು.

"ಬಿಟ್ರು," ಎಂದಳು ಜಡ್ಜಮ್ಮ, ಪುಟ ಮಗುಚುತ್ತಾ. "ಬಿಟ್ರು, ಊಟ ಹಾಕಿದ್ರು, ಹಾಸಿಗೆ ಕೊಟ್ರು. ಬೆಳಗಾಗೋ ಹೊತ್ತಿಗೆ ಆಸ್ಪತ್ರೆ ಗಡಿಯಾರ ಕಿತ್ಕೊಂಡು ಹೊರಟುಹೋದ."

ಹೆಂಗಸರು ನಕ್ಕರು. ಚಿಕ್ಕಮ್ಮ ನಗಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಮಗ ಬಂದ. ಸಂಜೆ ಬಾಗಿಲು ತಟ್ಟಿ "ಅಮ್ಮಾ, ನಾನು" ಎಂದ. ಪಕ್ಕದ ಮನೆಯವರು ಕಿಟಕಿಯಿಂದ ಕೇಳಿಸಿಕೊಂಡಂತೆ, ಒಳಗಿನಿಂದ ಬಂದ ಉತ್ತರ ಇಷ್ಟೇ: "ಗಡಿಯಾರ ತಗೊಂಡು ಹೋಗೋಕೆ ಬಂದ್ಯಾ?"

ಆ ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಮಗನಿಗೆ ಏನು ಅರ್ಥವಾಗಬೇಕು? ತನ್ನನ್ನು ಕಳ್ಳ ಎಂದಳು ಅನ್ನುವುದಷ್ಟೇ ಅರ್ಥವಾಯಿತು. ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದು ಎದ್ದು ಹೋದ.

ಮಾರನೆಯ ದಿನ ಚಿಕ್ಕಮ್ಮ ಇದನ್ನು ಹೇಳಿದಾಗ ಇಡೀ ಕೋಣೆ ಅವಳ ಗಟ್ಟಿತನವನ್ನು ಮೆಚ್ಚಿತು. ಜಡ್ಜಮ್ಮ ಅವಳ ಬೆನ್ನು ಸವರಿದಳು. ತನ್ನ ಅಮ್ಮ ಮಾಡಬೇಕಿದ್ದದ್ದನ್ನು ಒಬ್ಬಳಾದರೂ ಮಾಡಿದಳಲ್ಲ ಎಂಬ ಸಂತೋಷ ಅವಳಿಗೆ.

ಚಳಿಗಾಲದಲ್ಲಿ ಜಡ್ಜಮ್ಮನ ಗಂಟಲು ಕಟ್ಟಿತು. ನ್ಯಾಯಪೀಠ ಖಾಲಿಯಾಯಿತು. ಕುತ್ತಿಗೆಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡು ಬಂದು ಅವಳೂ ಎಲ್ಲರಂತೆ ಬೆಂಚಿನಲ್ಲಿ ಗುಂಡಿ ಹಚ್ಚಲು ಕೂತಳು. ಅಭ್ಯಾಸ ತಪ್ಪಿದ ಕೈ; ಸೂಜಿ ಬಟ್ಟೆಗಿಂತ ಬೆರಳಿಗೇ ಹೆಚ್ಚು ಚುಚ್ಚುತ್ತಿತ್ತು. ಓದುವ ಸ್ಥಾನಕ್ಕೆ ಕಾಜ ಹೊಲಿಯುವವಳೊಬ್ಬಳು, ಎಲ್ಲರ ಕಾಜದ ಅಕ್ಕ, ಬಂದಳು. ಹೊಸ ಪುಸ್ತಕ ಸಿಗಲಿಲ್ಲವಾದ್ದರಿಂದ ಹೆಂಗಸರು ಆ ಡಾಕ್ಟರದ್ದನ್ನೇ ಮತ್ತೊಮ್ಮೆ ಓದು ಎಂದರು. ಜಡ್ಜಮ್ಮ ಬೇಡವೆಂದು ಕೈ ಆಡಿಸಿದಳು, ತಲೆ ಆಡಿಸಿದಳು, ಕೊನೆಗೆ ಪುಸ್ತಕವನ್ನೇ ಕಿತ್ತುಕೊಳ್ಳಲು ಹೋದಳು.

"ಕುರ್ಚಿ ಹೋಯ್ತು ಅಂತ ಹೊಟ್ಟೆಉರಿ ನೋಡ್ರೇ ಇವಳಿಗೆ," ಎಂದು ಕಾಜದ ಅಕ್ಕ ಅವಳ ಕೈಯನ್ನು ಪಕ್ಕಕ್ಕೆ ತಳ್ಳಿದಳು.

ಕಾಜದ ಅಕ್ಕನದು ಒಂದೊಂದೇ ಅಕ್ಷರ ಹೆಕ್ಕುವ ಓದು. ಪುಟ ಹಾರಿಸುವಷ್ಟು ಜಾಣತನ ಆ ಓದಿಗೆ ಇರಲಿಲ್ಲ. ಡಾಕ್ಟರು ಬಾಗಿಲು ತಟ್ಟಿದ. ಬಾಗಿಲು ತೆರೆಯಿತು. ಅವನು ಅದೇ ಆಸ್ಪತ್ರೆಯಲ್ಲಿ ಪೊರಕೆ ಹಿಡಿದು ನೆಲ ಗುಡಿಸಿಕೊಂಡು ಉಳಿದ, ತಾನು ಬಿಟ್ಟು ಓಡಿದವರ ಮಕ್ಕಳ ಮಲ ಮೂತ್ರ ಬಾಚಿದ, ಅಲ್ಲಿಯೇ ಮುದುಕನಾದ. ಗಡಿಯಾರದ ಮಾತು ಎಲ್ಲಿಯೂ ಬರಲಿಲ್ಲ.

ಯಾರೂ ಜಡ್ಜಮ್ಮನ ಮುಖ ನೋಡಲಿಲ್ಲ. ಚಿಕ್ಕಮ್ಮ ಮಾತ್ರ ಕೈಯಲ್ಲಿದ್ದ ಗುಂಡಿಯನ್ನು ಹಚ್ಚಿ ಮುಗಿಸಿ, ಹಲ್ಲಿನಿಂದ ನೂಲು ಕಡಿದು, ಮೆಲ್ಲಗೆ ಕೇಳಿದಳು:

"ಹಂಗಾದ್ರೆ ಅವನು ಏನೂ ಕಿತ್ಕೊಂಡು ಹೋಗ್ಲಿಲ್ವೇನೇ?"

ಜಡ್ಜಮ್ಮ ತಲೆ ಬಗ್ಗಿಸಿ, ಬೆರಳಿಗೆ ಚುಚ್ಚಿದ ಸೂಜಿಯನ್ನು ಕಿತ್ತುಕೊಂಡಳು.

ಚಿಕ್ಕಮ್ಮ ಬಯ್ಯಲಿಲ್ಲ. ಬೈದಿದ್ದರೆ ಇಬ್ಬರಿಗೂ ಒಳ್ಳೆಯದಿತ್ತು. ಸಂಜೆಯಾದರೆ ಬಾಗಿಲು ತೆರೆದಿಟ್ಟುಕೊಂಡು ಥಂಡಿಯಲ್ಲಿ ಕೂರತೊಡಗಿದಳು. ಹೀಗೆ ಕೂತೇ ಎದೆಗೆ ಕಫ ಕಟ್ಟಿಸಿಕೊಂಡಳು. ಆಸ್ಪತ್ರೆ ಸೇರಿದ ಮೇಲೂ ವಾರ್ಡಿನ ಬಾಗಿಲು ಹಾಕಬೇಡಿ ಎಂದು ನರ್ಸಿನ ಹತ್ತಿರ ಜಗಳವಾಡಿದಳು. ಆಮೇಲೆ ಜಗಳಕ್ಕೂ ಉಸಿರು ಸಾಲಲಿಲ್ಲ.

ಜಡ್ಜಮ್ಮ ಗೇಟಿಗೆ ಹೋದಳು. ದನಿ ಆಗಷ್ಟೇ ಮರಳುತ್ತಿತ್ತು. "ಮಾವ, ಅವನೆಲ್ಲಿದ್ದಾನೆ ಅಂತ ಯಾರಿಗಾದ್ರೂ ಗೊತ್ತಾ?"

"ನಂಗೊತ್ತು," ಎಂದ ಗೇಟಿನ ಮಾವ. "ಆಚೆ ಊರಿನ ಬಸ್ ಡಿಪೋದಲ್ಲಿ ಬಸ್ಸು ತೊಳೀತಾನೆ. ಕುಡಿಯೋದು ಬಿಟ್ಟಿದ್ದಾನೆ. ಆಗಾಗ ಬಂದು ನನ್ನ ಕಾಲಿಗೆ ಎಣ್ಣೆ ತಿಕ್ಕಿ ಹೋಗ್ತಾನೆ."

"ಮತ್ತೆ ಇಷ್ಟು ದಿನ ಬಾಯಿ ಮುಚ್ಕೊಂಡು ಕೂತಿದ್ಯಲ್ಲ ಮಾವ?"

"ಯಾರಿಗಮ್ಮ ಹೇಳ್ಲಿ? ಒಳ್ಳೆಯವನಾದ ಅಂದ್ರೆ ನಿಮ್ಮ ಕೋಣೇಲಿ ನಗ್ತೀರಿ."

ಮರುದಿನ ಅವಳು ಕೆಲಸಕ್ಕೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವಾರ್ಡಿನ ಬಾಗಿಲಲ್ಲಿ ಅವಳೂ, ಅವಳ ಹಿಂದೆ ಪ್ಯಾಂಟು ಮಂಡಿಯವರೆಗೆ ಒದ್ದೆಯಾದ ಒಬ್ಬ ಗಂಡಸೂ ಕಾಣಿಸಿಕೊಂಡರು. ಚಿಕ್ಕಮ್ಮನಿಗೆ ಮಾತು ನಿಂತುಹೋಗಿತ್ತು. ಮಗ ಬಗ್ಗಿದ. ಅವಳ ಬೆರಳುಗಳು ಅವನ ಅಂಗಿಯ ಮೇಲೆ ಹರಿದಾಡಿ, ಸಡಿಲವಾಗಿ ನೇತಾಡುತ್ತಿದ್ದ ಒಂದು ಗುಂಡಿಯನ್ನು ಹಿಡಿದುಕೊಂಡವು. ಪ್ರಾಣ ಹೋದ ಮೇಲೆ ನರ್ಸು ಆ ಬೆರಳುಗಳನ್ನು ಬಿಡಿಸಬೇಕಾಯಿತು.

ಗುಂಡಿಯ ಕೋಣೆ ಒಂದು ವಾರ ಮೌನವಾಗಿತ್ತು. ಆಮೇಲೆ ಅದು ಸುಮ್ಮನಿರುವ ಕೋಣೆಯೇ? ಕಥೆ ಹುಟ್ಟಿತು. ಜಡ್ಜಮ್ಮ ಡಿಪೋದ ಗೇಟು ಹಾರಿದಳು ಎಂದು ಒಬ್ಬಳು. ಹೊರಟ ಬಸ್ಸಿಗೆ ಅಡ್ಡ ಮಲಗಿದಳು ಎಂದು ಇನ್ನೊಬ್ಬಳು. ಬರುವುದಿಲ್ಲ ಎಂದವನ ಮುಂದೆ ಉಪವಾಸ ಕೂತಳು, ಕಾಲು ಹಿಡಿದಳು, ಅವಳ ಮಾತು ಕೇಳಿ ಡಿಪೋದ ಕಂಡಕ್ಟರುಗಳೆಲ್ಲ ಅತ್ತರು, ಟಿಕೆಟು ಯಂತ್ರ ಒದ್ದೆಯಾಯಿತು. ಹೆತ್ತಮ್ಮನ ಬಾಯಲ್ಲಿ ಕಳ್ಳ ಅನ್ನಿಸಿಕೊಂಡು ಹೋದವನನ್ನು ಇವಳು ಒಂದೇ ಬೆಳಗಿನಲ್ಲಿ ಕರೆತಂದಳೆಂದರೆ ಸುಮ್ಮನೆ ಮಾತೇ?

ಕೊನೆಗೆ ಕಾಜದ ಅಕ್ಕ ಅವಳನ್ನೇ ಕೇಳಿದಳು. "ನಿಜ ಹೇಳೇ. ಅಷ್ಟು ಮುನಿಸಿಕೊಂಡಿದ್ದವನು. ಏನು ಹೇಳಿ ಒಪ್ಪಿಸಿದೆ?"

ಜಡ್ಜಮ್ಮ ಸೂಜಿಗೆ ನೂಲು ಪೋಣಿಸುತ್ತಿದ್ದಳು. ಗಂಟಲು ವಾಸಿಯಾಗಿದ್ದರೂ ಅವಳು ಓದುವ ಕುರ್ಚಿಗೆ ಹೋಗಿರಲಿಲ್ಲ.

"ಒಪ್ಪಿಸೋದೇನು ಬಂತು," ಎಂದಳು. "ನಿಮ್ಮಮ್ಮಂದು ತಪ್ಪಿಲ್ಲ, ತಪ್ಪು ನಂದು ಅಂದೆ. ಊಟ ಮಾಡ್ತಿದ್ದ. ಕೈ ತೊಳ್ಕೊಂಡು ಬಂದ."