ದೇವಿಯ ಲೈಟು ಮತ್ತು ಮಗಳ ಗಿಟಾರು

ನಮ್ಮನೆ ಹಾಲ್‌ನಲ್ಲಿ ಮಗಳ ಗಿಟಾರಿನ ಪುಟ್ಟ ಆಂಪ್ಲಿಫೈಯರ್ ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಇನ್ನೇನು ಶುಕ್ರವಾರದ ಭಜನೆಗೆ ಹೆಂಗಸರು ಬರುವ ಹೊತ್ತು. ಮಗಳು ಪವಿತ್ರ ಮೊದಲ ಸಲ ಎಲ್ಲರ ಮುಂದೆ ನುಡಿಸಬೇಕು. "ಈ ಗುಂಯ್ ನಿಲ್ದಿದ್ರೆ ತಾಳನೇ ಸಾಕು ಬಿಡು ಪಾಪ" ಎಂದು ಅತ್ತೆ ಆಗಲೇ ಹೇಳಿಬಿಟ್ಟಿದ್ದರು. ಮಗಳ ಕಣ್ಣು ತುಂಬಿತ್ತು.

ವೈರು ಬದಲಿಸಿದೆವು. ಫ್ಯಾನು, ಫ್ರಿಜ್ಜು, ಟೀವಿ ಎಲ್ಲ ಆಫ್ ಮಾಡಿದೆವು. ಸದ್ದು ಮಾತ್ರ ನಿಲ್ಲಲಿಲ್ಲ. ಊರಿಗಾಂನ ಗಣಿ ಕಾರ್ಮಿಕರ ಲೈನ್‌ಮನೆಯಿಂದ ಭಜನೆಗೆಂದು ಬೇಗ ಬಂದಿದ್ದ ಸೆಲ್ವಿ ಅಕ್ಕ, ದೇವಿಯ ಪಟದ ಸುತ್ತ ಮಿನುಗುತ್ತಿದ್ದ ಸೀರಿಯಲ್ ಲೈಟು ತೋರಿಸಿ, "ಅದೂ ಇದೇ ಪ್ಲಗ್ ಬಾಕ್ಸಿಗೇ ಓಗೈತಲ್ಲ, ಆಫ್ ಮಾಡಿ ನೋಡಿದ್ರಾ?" ಅಂದರು.

ನಾನು ಪ್ಲಗ್ಗಿನತ್ತ ನೋಡಿದೆ. ನಮ್ಮನೆಯಲ್ಲಿ ಆ ಲೈಟನ್ನು ಯಾರೂ ಆರಿಸುವುದಿಲ್ಲ. "ಶುಕ್ರವಾರದೊತ್ತು ದೇವ್ರನ್ನ ಕತ್ಲಲ್ಲಿ ಕೂರುಸ್ತೀಯೇನೆ?" ಎಂದು ಅತ್ತೆ ಗದರಿದರು. ನಾನು ಕಂಚಿನ ದೀಪಕ್ಕೆ ಎಣ್ಣೆ ತುಂಬಿ ಹಚ್ಚಿದೆ. ತಪ್ಪಾಯಿತು ತಾಯಿ ಎಂದು ಕೈಮುಗಿದು ಪ್ಲಗ್ಗು ಕಿತ್ತೆ.

ಗುಂಯ್ ತಟ್ಟನೆ ನಿಂತಿತು. ಮೊದಲು ನಕ್ಕಿದ್ದು ಅತ್ತೆಯೇ. "ಇಷ್ಟೊತ್ತೂ ಆ ತಾಯೇ ಶ್ರುತಿ ಇಡ್ಕೊಂಡಿದ್ಲು ಕಣೇ" ಅಂದರು. ನಕ್ಕೂ ನಕ್ಕೂ ನನಗೆ ಹೊಟ್ಟೆನೋವು. ಮಗಳಂತೂ ಗಿಟಾರು ತಬ್ಬಿಕೊಂಡು ಕುಣಿದಳು.

ಈಗ ಪ್ರತಿ ಶುಕ್ರವಾರ ಭಜನೆಗೆ ಮೊದಲು ಆ ಪ್ಲಗ್ಗು ಕೀಳುವವರು ಅತ್ತೆಯೇ. ಎಣ್ಣೆದೀಪದಲ್ಲಿ ದೇವಿಯ ಮುಖ ಇನ್ನೂ ಚೆನ್ನಾಗಿ ಕಾಣುತ್ತದೆ. ಅದೂ ಅವಳ ಕೃಪೆಯೇ ಅಂದುಕೊಂಡಿದ್ದೇನೆ.