ಎರಡು ಸಲ ಹಾಡುವ ಸಾಲು

ನಮ್ಮ ಗಿಟಾರಣ್ಣನ ಎಡಗೈ ಕಿರುಬೆರಳಿಗೆ ಒಂದು ಉಕ್ಕಿನ ಕೊಳವೆ. ಹೆಬ್ಬೆರಳಿನಷ್ಟು ಉದ್ದ, ತಿಕ್ಕಿ ತಿಕ್ಕಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನು ಹಾಕಿಕೊಂಡೇ ಬೀಡಾ ಅಂಗಡಿಗೆ ಬರುತ್ತಿದ್ದರು, ಅದನ್ನು ಹಾಕಿಕೊಂಡೇ ಚಹಾದ ಲೋಟ ಹಿಡಿಯುತ್ತಿದ್ದರು. ಕೊಳವೆ ತಾಗಿ ಲೋಟ ಟಿಣ್ ಎಂದರೆ, ‘ಈ ಲೋಟ ಶ್ರುತಿ ಬಿಟ್ಟೈತೆ’ ಎಂದು ನಗದೆ ಹೇಳುತ್ತಿದ್ದರು. ಅದು ಹತ್ತಿ ಗಿರಣಿಯ ನೂಲು ಯಂತ್ರದ ಒಂದು ತುಂಡು. ಮಿಲ್ಲು ಮುಚ್ಚಿದ ದಿನ ಅಲ್ಲಿಂದ ಅವರು ಮನೆಗೆ ತಂದದ್ದು ಅದೊಂದನ್ನೇ. ಗಿಟಾರಿನ ತಂತಿಯ ಮೇಲೆ ಅದನ್ನು ಜಾರಿಸಿದರೆ, ಯಾರೋ ಅಳು ತಡೆದುಕೊಂಡು ಮಾತಾಡಿದ ಹಾಗೆ ಕೇಳುತ್ತಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ದಾವಣಗೆರೆಯಲ್ಲಿ ಆಗ ಮೂಲೆಗೊಂದು ಆರ್ಕೆಸ್ಟ್ರಾ ಇತ್ತು. ನಮ್ಮದೂ ಒಂದು. ಕೀಬೋರ್ಡ್ ನುಡಿಸುವ ಮಾಲೀಕರು, ಡ್ರಮ್ಮಿನವನು, ಗಿಟಾರಿಗೆ ಇವರು, ಹೆಣ್ಣುದನಿಗೆ ನಾನು. ಎಲ್ಲರೂ ಇವರನ್ನು ಗಿಟಾರಣ್ಣ ಅನ್ನುತ್ತಿದ್ದೆವು. ನಮ್ಮ ನಿಟ್ಟುವಳ್ಳಿಯಲ್ಲೇ, ನಮ್ಮ ಮನೆಯಿಂದ ಎರಡು ಓಣಿ ಆಚೆ ಅವರ ಮನೆ. ಹಾಗಾಗಿ ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಮನೆ ಮುಟ್ಟಿಸುವ ಜವಾಬ್ದಾರಿ ಅವರದೇ. ಇಲ್ಲದಿದ್ದರೆ ನಮ್ಮಪ್ಪ ನನ್ನನ್ನು ಸ್ಟೇಜ್ ಹತ್ತಲು ಬಿಡುತ್ತಿದ್ದರೇ? ಸುಳ್ಳು!

ನಾನು ಆಗ ದೊಡ್ಡ ಗಾಯಕಿಯರ ದನಿಯನ್ನು ಹಾಗೆಹಾಗೇ ತೆಗೆಯುವುದರಲ್ಲಿ ಹೆಸರುವಾಸಿ. ಕಣ್ಣು ಮುಚ್ಚಿ ಕೇಳಿದರೆ ಕ್ಯಾಸೆಟ್ಟೇ ಅನ್ನುತ್ತಿದ್ದರು ಜನ, ನಾನು ಉಬ್ಬುತ್ತಿದ್ದೆ. ಒಂದು ಸಂಜೆ ಪ್ರಾಕ್ಟೀಸ್ ಮುಗಿಸಿ ಬರುವಾಗ ಗಿಟಾರಣ್ಣ ಮೆಲ್ಲಗೆ ಕೇಳಿದರು: ‘ತಂಗಿ, ಆಕಿ ದನಿ ಆಕಿ ಹತ್ರ ಐತೆ. ನಿನ್ನ ದನಿ ಯಾರ ಹತ್ರ ಐತೆ?’ ನನಗೆ ಸಿಟ್ಟು ನೆತ್ತಿಗೇರಿತು. ಇವರಿಗೇನು ಗೊತ್ತು, ಮೂಲೆಯಲ್ಲಿ ನಿಂತು ತಂತಿ ಎಳೆಯುವವರಿಗೆ, ಅಂದುಕೊಂಡೆ. ವಾರವಿಡೀ ಮುಖ ಕೊಟ್ಟು ಮಾತಾಡಲಿಲ್ಲ. ಅವರು ಮಾತ್ರ ಏನೂ ಆಗದವರ ಹಾಗೆ ದಿನಾ ನಮ್ಮ ಬಾಗಿಲವರೆಗೆ ಬಂದು, ಅಪ್ಪನಿಗೆ ನಮಸ್ಕಾರ ಹೇಳಿ ಹೋಗುತ್ತಿದ್ದರು. ಅಂಥವರ ಮೇಲೆ ಎಷ್ಟು ದಿನ ಅಂತ ಸಿಟ್ಟು ಮಾಡುವುದು?

ಅವರ ಸಂಗೀತ ಬಂದದ್ದು ಹರಿಹರದಿಂದ. ಅಲ್ಲಿನ ಕಾರ್ಖಾನೆಯೊಂದಕ್ಕೆ ಯಂತ್ರ ಕೂಡಿಸಲು ಬಂದ ಪರದೇಶದ ಎಂಜಿನಿಯರ್ ಒಬ್ಬ ವಾಪಸು ಹೋಗುವಾಗ ಒಂದು ಕ್ಯಾಸೆಟ್ ಬಿಟ್ಟು ಹೋಗಿದ್ದನಂತೆ. ಅದು ಕೈಯಿಂದ ಕೈಗೆ ಬಂದು ಇವರಿಗೆ ಸಿಕ್ಕಿತು. ಬ್ಲೂಸ್ ಅನ್ನುತ್ತಾರೆ, ಅಮೆರಿಕದ ಕಪ್ಪು ಜನ ಕಟ್ಟಿದ ಹಾಡು ಅಂತ ಆಮೇಲೆ ಯಾರೋ ಹೇಳಿದ್ದು. ಗಿಟಾರಣ್ಣನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ‘ಒಂದು ಹಾಡಿನಾಗೆ ನನಗೆ ತಿಳಿದಿದ್ದು ಒಂದೇ ಮಾತು ತಂಗಿ, ಕಾಟನ್. ಅವರೂ ಹತ್ತಿ ಮಂದಿ, ನಾವೂ ಹತ್ತಿ ಮಂದಿ. ಅವರು ಹೊಲದಾಗೆ ಬಿಡಿಸಿದ್ರು, ನಾವು ಮಿಲ್ಲಿನಾಗೆ ನೂತ್ವಿ’ ಅನ್ನುತ್ತಿದ್ದರು. ಟೇಪ್ ಸವೆಯುವವರೆಗೂ ಕೇಳಿ ಕೇಳಿ, ಕೈಯನ್ನು ಪಳಗಿಸಿಕೊಂಡರು. ಆಮೇಲೆ ತಮ್ಮದೇ ಹಾಡು ಕಟ್ಟತೊಡಗಿದರು, ನಮ್ಮ ಮಾತಿನಲ್ಲೇ. ಆ ಹಾಡುಗಳಲ್ಲಿ ಮೊದಲ ಸಾಲನ್ನು ಎರಡು ಸಲ ಹಾಡಬೇಕು, ಮೂರನೆಯ ಸಾಲು ಅದಕ್ಕೆ ಉತ್ತರ ಕೊಡಬೇಕು. ಅದೇ ಅದರ ಕಟ್ಟು.

ಸೈರನ್ ಕೂಗಂಗಿಲ್ಲ, ಕಣ್ಣಿಗೆ ನಿದ್ದೆ ಹತ್ತಂಗಿಲ್ಲ
ಸೈರನ್ ಕೂಗಂಗಿಲ್ಲ, ಕಣ್ಣಿಗೆ ನಿದ್ದೆ ಹತ್ತಂಗಿಲ್ಲ
ಗೇಟಿಗೆ ಬೀಗ ಬಿದ್ದೈತೆ, ನನ್ನ ಕಾಲಿಗೆ ತಿಳಿಯಂಗಿಲ್ಲ

ಇದು ಒಂದನೇ ನುಡಿ. ಎರಡನೆಯದರಲ್ಲಿ ಎದೆಯೊಳಗೆ ಕೂತ ಹತ್ತಿಯ ಧೂಳು, ಕೆಮ್ಮು. ಮೂರನೆಯ ನುಡಿಯನ್ನು ಮಾತ್ರ ನನಗೂ ಹಾಡಿ ತೋರಿಸಲಿಲ್ಲ. ‘ಅದು ನಿಮ್ಮ ಅತ್ತಿಗೆಗೆ ಐತೆ. ಮೊದಲು ಆಕಿ ಕೇಳ್ಲಿ’ ಎಂದರು.

ಅತ್ತಿಗೆ ಅಂದರೆ ಅವರ ಹೆಂಡತಿ. ಮಾತು ಕಡಿಮೆ, ಕೆಲಸ ಜಾಸ್ತಿ, ಹಾಡಿನ ಗೋಜಿಗೆ ಬಂದವರಲ್ಲ. ಮಿಲ್ಲು ನಡೆಯುತ್ತಿದ್ದಾಗ ದಿನಾ ಬೆಳಿಗ್ಗೆ ಗಂಡನಿಗೆ ರೊಟ್ಟಿಯ ಬುತ್ತಿ ಕಟ್ಟಿ ಬಾಗಿಲ ಹತ್ತಿರ ಇಡುತ್ತಿದ್ದರು. ಮಿಲ್ಲು ಮುಚ್ಚಿತು. ಮರುದಿನ ಬೆಳಿಗ್ಗೆಯೂ ಬುತ್ತಿ ಬಾಗಿಲ ಹತ್ತಿರ ಅದೇ ಜಾಗದಲ್ಲಿ ಇತ್ತು. ಅದರ ಮರುದಿನವೂ ಇತ್ತು. ಇವರು ಬಾಯಿ ಬಿಡದೆ ಅದನ್ನು ಎತ್ತಿಕೊಂಡು ಹೊರಟರು. ಹಾಗೇ ವರ್ಷಗಳು ಉರುಳಿದವು. ಮದುವೆಯ ಸೀಸನ್ನು, ಗಣಪತಿ ಹಬ್ಬ ಬಿಟ್ಟರೆ ಆರ್ಕೆಸ್ಟ್ರಾಕ್ಕೇನು ಕೆಲಸ? ಉಳಿದ ದಿನ ಗಿಟಾರು, ಬುತ್ತಿ ಹಿಡಿದು ರೈಲು ಹತ್ತಿ ಹರಿಹರಕ್ಕೆ ಹೋಗುತ್ತಿದ್ದರು. ಹೊಳೆಯ ದಂಡೆಯಲ್ಲಿ ಕೂತು ನುಡಿಸುವುದು, ಮಧ್ಯಾಹ್ನ ಬುತ್ತಿ ಬಿಚ್ಚುವುದು, ಸಂಜೆ ಕೆಲಸ ಮುಗಿಸಿದವರ ಹಾಗೆ ಮನೆಗೆ ಬರುವುದು. ಮೂರನೆಯ ನುಡಿ ಆ ಬುತ್ತಿಯದು ಅಂತ ಅಷ್ಟು ಮಾತ್ರ ನನಗೆ ಹೇಳಿದ್ದರು.

ಮನೆಯಲ್ಲೇ ಹಾಡಿ ಮುಗಿಸಬಾರದಾ ಅಣ್ಣಾ, ಎಂದು ನಾನೊಮ್ಮೆ ರೇಗಿದೆ. ಇಬ್ಬರೇ ಇದ್ದಾಗ ಗಿಟಾರ್ ಮುಟ್ಟಿದರೆ ಆಕೆ, ಕೆಮ್ಮು ಬರುತ್ತೆ ಮಲಗ್ರಿ ಅಂತಾಳೆ, ಆಮೇಲೆ ಎದುರಿಗೆ ಕೂತವಳ ಮುಖ ನೋಡಿ ಆ ಮಾತು ಹಾಡಲು ನಾಚಿಕೆ ಅಂದರು. ಮಂದಿಯ ನಡುವೆ ಆದರೆ ಹಾಡಿಬಿಡುತ್ತೇನೆ, ಒಂದೇ ಒಂದು ಸಲ ಆಕೆಯ ಕಿವಿಗೆ ಬೀಳಲಿ ಸಾಕು ಅಂದರು. ಹಾಗಿದ್ದರೆ ಬಾಯಿಮಾತಲ್ಲೇ ಹೇಳಿ ಅಂದೆ. ಅವರು ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣಲ್ಲಿದೆ.

‘ಬಾಯಿ ಬಿಟ್ಟು ಹೇಳಕ್ಕೆ ಬಂದಿದ್ರೆ ಹಾಡು ಯಾಕ ಕಟ್ತಿದ್ದೆ ತಂಗಿ?’

ಕ್ಯಾಸೆಟ್ ಮಾಡಿಸುವ ಆಸೆಯೂ ಇತ್ತು. ರೆಕಾರ್ಡಿಂಗ್ ಮಾಡುವವರೊಬ್ಬರು ಹಾಡು ಕೇಳಿ, ಚೆನ್ನಾಗೈತೆ, ಆದ್ರೆ ಒಂದೇ ಸಾಲನ್ನ ಯಾಕೆ ಎರಡೆರಡು ಸಲ ಅಂತೀರಿ, ಅದನ್ನ ತೆಗೀರಿ, ಕೆಳಗೆ ಒಂದು ಡ್ಯಾನ್ಸ್ ಬೀಟ್ ಹಾಕ್ರಿ, ಅಂದರಂತೆ. ಇವರು ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಬಂದರು. ಯಾಕೆ ಅಂತಲೂ ಕೇಳದೆ ಮಾಲೀಕರು ತಲೆ ಚಚ್ಚಿಕೊಂಡರು. ಬಂದ ಲಕ್ಷ್ಮಿಯನ್ನು ಕಾಲಲ್ಲಿ ಒದ್ದರು ಅಂತ ಡ್ರಮ್ಮಿನವನು ಊರೆಲ್ಲ ಹೇಳಿಕೊಂಡು ತಿರುಗಿದ.

ಆದರೆ ಮಾಲೀಕರು ಒಳ್ಳೆಯವರೇ. ಹರಿಹರದಲ್ಲಿ ಒಂದು ಗಣಪತಿ ಪೆಂಡಾಲಿನ ಕಾರ್ಯಕ್ರಮ ಬಂದಾಗ, ಈ ಸಲ ನಿನ್ನ ಹಾಡು ಒಂದು ಹಾಡಿಬಿಡು ಮಾರಾಯ ಅಂದರು. ಗಿಟಾರಣ್ಣ ಒಬ್ಬರೇ ನುಡಿಸಿ ಹಾಡುವುದಲ್ಲವೇ ಅಂತ ಯಾರೂ ಪ್ರಾಕ್ಟೀಸ್ ಮಾಡಲಿಲ್ಲ, ಯಾರೂ ಮೊದಲೇ ಕೇಳಲೂ ಇಲ್ಲ. ಅತ್ತಿಗೆಯನ್ನು ಕರೆದುಕೊಂಡು ಬರುವ ಕೆಲಸ ನನ್ನದು. ಮದುವೆಯ ರೇಷ್ಮೆ ಸೀರೆ ಉಟ್ಟು, ಮುಂದಿನ ಸಾಲಿನಲ್ಲಿ ಕುರ್ಚಿಯ ತುದಿಗೆ ಕೂತಿದ್ದರು ಪಾಪ, ಪರೀಕ್ಷೆಗೆ ಕೂತವರ ಹಾಗೆ.

ಗಿಟಾರಣ್ಣ ಮೈಕ್ ಮುಂದೆ ಬಂದರು. ಸೈರನ್ ಕೂಗಂಗಿಲ್ಲ ಅಂತ ಹಾಡಿದರು. ಪೆಂಡಾಲು ಗಪ್‌ಚಿಪ್. ಎರಡನೆಯ ಸಲ ಅದೇ ಸಾಲು ಬಂತು. ಹಿಂದೆ ಒಬ್ಬ ಸಿಳ್ಳೆ ಹೊಡೆದ, ಮುಂದೆ ಗುಸುಗುಸು ಎದ್ದಿತು. ನಮ್ಮ ಮಾಲೀಕರ ಮುಖ ಬಿಳುಚಿಕೊಂಡಿತು. ಅಯ್ಯೋ, ಮುಂದಿನ ಸಾಲು ಮರೆತುಬಿಟ್ಟಿದ್ದಾನೆ, ಅದಕ್ಕೇ ಇದ್ದದ್ದನ್ನೇ ಎಳೆಯುತ್ತಿದ್ದಾನೆ ಅಂತ ಅವರಿಗೆ ಖಾತ್ರಿಯಾಯಿತು. ಸ್ಟೇಜಿನ ಮೇಲೆ ಸಾಲು ಮರೆತವನ ಮಾನ ಉಳಿಸುವುದು ಆರ್ಕೆಸ್ಟ್ರಾದವರ ಧರ್ಮ. ಡ್ರಮ್ಮಿನವನಿಗೆ ಕಣ್ಸನ್ನೆ ಮಾಡಿದರು. ಢಣಢಣ ಅಂತ ಕುಣಿತದ ಹಾಡೊಂದು ಶುರುವಾಗೇಬಿಟ್ಟಿತು, ಜನ ಹೋ ಎಂದರು. ಗಿಟಾರಣ್ಣ ಹಿಂದೆ ಸರಿದು ಆ ಹಾಡಿಗೇ ಗಿಟಾರ್ ಕೊಟ್ಟರು. ನಾನೂ ನನ್ನ ಸರದಿ ಬಂದಾಗ ಹಾಡಿದೆ, ಯಾರದೋ ದನಿಯಲ್ಲಿ.

ಮರಳುವ ಮೆಟಡೋರಿನಲ್ಲಿ ಮಾಲೀಕರು ಅವರ ಹೆಗಲ ಮೇಲೆ ಕೈ ಹಾಕಿ, ಎಂಥೆಂಥವರಿಗೂ ಮರೀತೈತೆ ಬಿಡು ಅಂತ ಸಮಾಧಾನ ಮಾಡಿದರು. ಇವರು ಹೌದು ಅಂದರು. ಬಿಡಿಸಿ ಹೇಳುವ ಗೋಜಿಗೇ ಹೋಗಲಿಲ್ಲ. ಅತ್ತಿಗೆಯೂ ಹಾಗೇ ತಿಳಿದಿದ್ದರು. ಮರುದಿನದಿಂದ ನೆನಪಿನ ಶಕ್ತಿಗೆ ಒಳ್ಳೆಯದು ಅಂತ ಬುತ್ತಿಯ ಜೊತೆ ಒಂದೆಲಗದ ಚಟ್ನಿ ಬೇರೆ ಶುರುವಾಯಿತು. ಅದನ್ನು ಹೇಳುತ್ತ ಗಿಟಾರಣ್ಣ ನಕ್ಕರು, ನಗುತ್ತ ನಗುತ್ತ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು.

ಮುಂದಿನ ಶ್ರಾವಣದ ಒಂದು ಸೋಮವಾರ. ನಮ್ಮ ಓಣಿಯ ಗುಡಿಯಲ್ಲಿ ಭಜನೆ. ಅಪ್ಪ ಅಲ್ಲಿ ಹಾರ್ಮೋನಿಯಂ ಹಿಡಿದು ಸಾಲು ಎತ್ತುವವರು, ಉಳಿದವರು ತಾಳ ಬಡಿಯುತ್ತ ಅದನ್ನೇ ತಿರುಗಿ ಹಾಡುವವರು. ಹುಟ್ಟಿದಾಗಿನಿಂದ ಕೇಳಿದ ಭಜನೆ, ಅವತ್ತು ಮಾತ್ರ ನನ್ನ ಕಿವಿ ನೆಟ್ಟಗಾಯಿತು. ಒಬ್ಬರು ಒಂದು ಸಾಲು ಹೇಳುತ್ತಾರೆ, ಮಂದಿ ಅದನ್ನೇ ಎರಡನೆಯ ಸಲ ಹೇಳುತ್ತಾರೆ. ಇಲ್ಲಿ ಯಾರಾದರೂ ಸಾಲು ಮರೆತರು ಅಂತ ಅಂದುಕೊಳ್ಳುತ್ತಾರಾ? ಪ್ರಸಾದಕ್ಕೂ ನಿಲ್ಲದೆ ಎರಡು ಓಣಿ ಓಡಿದೆ. ಗಿಟಾರಣ್ಣ ಹಿಂಜರಿದರು. ಗುಡಿಯಲ್ಲಿ ದೇವರ ಹಾಡು ಹಾಡಬೇಕು, ಇದು ಮಿಲ್ಲಿನ ಗೋಳು, ಯಾರಾದರೂ ಏನಾದರೂ ಅಂದರೆ? ಅಪ್ಪನನ್ನು ಕೇಳಿದೆ. ಅಪ್ಪ ಒಂದೇ ಮಾತಿಗೆ ಒಪ್ಪಿದರು.

‘ದೇವರ ಮುಂದೆ ಕಷ್ಟ ಹೇಳ್ಕಳದೆ ಇನ್ಯಾರ ಮುಂದೆ ಹೇಳ್ಕಾಬೇಕು? ಬರ್ಲಿ.’

ಮರುಸೋಮವಾರ ದೀಪ ಹಚ್ಚುವ ಹೊತ್ತಿಗೆ ಬಂದರು. ತಂತಿಗೆ ಕೊಳವೆ ತಾಗಿಸಿದಾಗ ತಾಳದವರು ಮುಖ ಮುಖ ನೋಡಿಕೊಂಡರು. ಮೊದಲ ಸಾಲು ಬಂತು. ಅಪ್ಪ ಹಾರ್ಮೋನಿಯಂ ಮೇಲೆ ಸ್ವರ ಹಿಡಿದು ತಲೆ ಆಡಿಸಿದ್ದೇ ತಡ, ಇಡೀ ಗುಡಿ ಆ ಸಾಲನ್ನು ಎತ್ತಿಕೊಂಡಿತು. ಅಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಮಿಲ್ಲು ಕಂಡವರೇ. ಸೈರನ್ ಕೂಗಂಗಿಲ್ಲ ಅಂತ ಆ ಗಂಡಸರು ಹಾಡಿದ ರೀತಿ! ಎರಡನೆಯ ನುಡಿಯೂ ಆಯಿತು. ಹೆಂಗಸರ ನಡುವೆ, ಕಂಬದ ಪಕ್ಕ ಅತ್ತಿಗೆ ಕೂತಿದ್ದರು. ಗಿಟಾರಣ್ಣ ಆ ಕಡೆ ನೋಡಲಿಲ್ಲ. ಕಣ್ಣು ಮುಚ್ಚಿ ಮೂರನೆಯ ನುಡಿ ಎತ್ತಿದರು.

ಮಿಲ್ಲು ಮುಚ್ಚಿ ಹೋತು, ಆಕಿ ಬುತ್ತಿ ಕಟ್ಟೋದು ಬಿಡಲಿಲ್ಲ

ಮಂದಿ ತಿರುಗಿ ಹಾಡಿದರು, ತಾಳ ಬಡಿದು, ದೊಡ್ಡ ದನಿಯಲ್ಲಿ. ಆಮೇಲೆ ಇವರೊಬ್ಬರೇ, ಬರೀ ಉಸಿರಲ್ಲಿ ಹೇಳಿದ ಹಾಗೆ:

ಹೊಳೀ ದಂಡ್ಯಾಗೆ ಬಿಚ್ಚಿದೆ, ತುತ್ತು ಗಂಟಲಾಗೆ ಇಳೀಲಿಲ್ಲ

ಅತ್ತಿಗೆ ಸೆರಗನ್ನು ಮುಖಕ್ಕೆ ಎಳೆದುಕೊಂಡು ಎದ್ದವರು ಮಂಗಳಾರತಿಗೂ ನಿಲ್ಲಲಿಲ್ಲ. ಗಿಟಾರಣ್ಣನ ಮುಖ ಇಷ್ಟೇ ಇಷ್ಟಾಯಿತು, ಹೆದರಿಕೆಗೆ.

ಮರುದಿನ ಬೆಳಿಗ್ಗೆ ನೋಡಿದರೆ ಬಾಗಿಲ ಹತ್ತಿರ ಬುತ್ತಿ ಇಲ್ಲ. ಕೆಟ್ಟೆ ಅಂದ್ಕಂಡೆ, ಅಂತ ಆಮೇಲೆ ನನ್ನ ಮುಂದೆ ಹೇಳಿದರು. ಚಪ್ಪಲಿ ಮೆಟ್ಟಿ ನಿಂತವರಿಗೆ ಒಳಗಿಂದ ಅತ್ತಿಗೆಯ ದನಿ ಕೇಳಿತಂತೆ:

‘ಗಂಟಲಾಗೆ ಇಳೀದ ಬುತ್ತಿ ಯಾಕ ಹೊರ್ತೀರಿ? ಮಧ್ಯಾಹ್ನಕ್ಕೆ ಮನಿಗೆ ಬರ್ರಿ. ಇಷ್ಟು ವರ್ಷ ನಾನೂ ಒಬ್ಬಾಕೇ ಉಂಡೀನಿ.’

ಅಲ್ಲಿಂದ ಮುಂದೆ ಅವರು ಹರಿಹರಕ್ಕೆ ಹೋದರೂ ಉಣ್ಣುವ ಹೊತ್ತಿಗೆ ಮನೆಯಲ್ಲಿರುತ್ತಿದ್ದರು. ಬಿಸಿ ರೊಟ್ಟಿಯ ಸುದ್ದಿ ಪ್ರಾಕ್ಟೀಸಿಗೆ ಬಂದಾಗ ನಮಗೆಲ್ಲ ವರದಿಯಾಗುತ್ತಿತ್ತು, ಇವತ್ತು ಎಣ್ಣೆಗಾಯಿ, ಇವತ್ತು ಹೆಸರುಕಾಳು ಪಲ್ಯ ಅಂತ. ಹೊಸದಾಗಿ ಮದುವೆಯಾದವರೂ ಅಷ್ಟು ಹೇಳಿಕೊಳ್ಳುವುದಿಲ್ಲ ಅಂತ ನಾವು ಕಾಡಿಸುತ್ತಿದ್ದೆವು. ಕ್ಯಾಸೆಟ್ ಆಗಲಿಲ್ಲ. ಆರ್ಕೆಸ್ಟ್ರಾದಲ್ಲಿ ಮೂಲೆಯ ಜಾಗವೂ ಬದಲಾಗಲಿಲ್ಲ. ಸೋಮವಾರದ ಭಜನೆಯಲ್ಲಿ ಮಾತ್ರ ಅವರ ಹೊಸ ಹಾಡಿಗೆ ಜನ ಕಾಯುತ್ತಿದ್ದರು. ನಾನೂ ಅಲ್ಲೇ, ಅಪ್ಪನ ಪಕ್ಕ ಕೂತು, ಮೊದಲ ಸಲ ನನ್ನ ಸ್ವಂತ ದನಿಯಲ್ಲಿ ಹಾಡಿದೆ. ಸ್ವಲ್ಪ ಒರಟು, ಸ್ವಲ್ಪ ಮೂಗಿನದು. ಚೆಂದ ಐತೆ ಅಂತೇನೂ ಅವರು ಅನ್ನಲಿಲ್ಲ, ‘ಹಾಂ, ಇದು ನೀನು’ ಎಂದರು. ಇವತ್ತು ಹತ್ತಾರು ಮಕ್ಕಳಿಗೆ ಹಾಡು ಹೇಳಿಕೊಟ್ಟು ಬದುಕುತ್ತಿದ್ದೇನೆ, ಅದೆಲ್ಲ ಆ ಮಾತಿನ ಋಣ.

ಬಿಸಿ ರೊಟ್ಟಿಯ ಆ ಸುಖ ಗಿಟಾರಣ್ಣನಿಗೆ ಒಂದೆರಡು ವರ್ಷ ಕೂಡ ಪೂರಾ ಸಿಗಲಿಲ್ಲ. ಎದೆಯಲ್ಲಿ ಕೂತ ಹತ್ತಿ ಬಿಡಬೇಕಲ್ಲ. ಒಂದು ಚಳಿಗಾಲ ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ನಾನು ಅತ್ತದ್ದಕ್ಕೆ ಲೆಕ್ಕವಿಲ್ಲ, ನನ್ನ ಸ್ವಂತ ಅಣ್ಣ ಹೋದರೂ ಅಷ್ಟು ಅಳುತ್ತಿದ್ದೆನೋ ಇಲ್ಲವೋ.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅತ್ತಿಗೆಯನ್ನು ನೋಡಲು ಹೋದೆ. ಉಣ್ಣು ಅಂತ ತಟ್ಟೆ ಇಟ್ಟರು, ತಾವೂ ಎದುರಿಗೆ ಕೂತರು. ಊಟ ಮುಗಿದ ಮೇಲೆ, ಆ ಹಾಡು ನಿನಗೆ ಬರ್ತೈತಲ್ಲ, ಅಂದರು. ಅವತ್ತು ಮಂದಿ ಮುಂದೆ ತಲೆ ಎತ್ತಿ ಕೇಳಲಿಲ್ಲ, ಇವತ್ತು ಕೇಳ್ತೀನಿ, ಹಾಡು ಅಂದರು. ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಎರಡು ನುಡಿ ಹೇಗೋ ಹಾಡಿದೆ. ಮೂರನೆಯದರ ಮೊದಲ ಸಾಲು ಹಾಡಿದೆ, ಅದನ್ನೇ ಇನ್ನೊಮ್ಮೆ ಹೇಳಲು ಆಗಲಿಲ್ಲ. ಆಗ ಯಾವತ್ತೂ ಹಾಡದ ಅತ್ತಿಗೆ, ಕಣ್ಣು ತೆರೆಯದೆ, ಸಣ್ಣ ದನಿಯಲ್ಲಿ ಆ ಸಾಲನ್ನು ಎತ್ತಿಕೊಂಡರು.

ಮಿಲ್ಲು ಮುಚ್ಚಿ ಹೋತು, ನಾನು ಬುತ್ತಿ ಕಟ್ಟೋದು ಬಿಡಲಿಲ್ಲ

ಮೂರನೆಯ ಸಾಲು ಗಿಟಾರಣ್ಣನದು. ನಾವಿಬ್ಬರೂ ಅದನ್ನು ಹಾಡಲಿಲ್ಲ.